ಮುಖಪುಟದ ಚಿತ್ರವೂ ನಿಮ್ಮ ಮಗಳ ಊಟವೂ

ಮಾನ್ಯರೇ,

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗಳು ನಮ್ಮ ಮುಖಪುಟದಲ್ಲಿದ್ದ ನಟಿಯ ಚಿತ್ರವನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದಾಳೆಂದೂ, ಎರಡು ತಿಂಗಳಿಂದ ರಾತ್ರಿಯೂಟ ಬಿಟ್ಟಿದ್ದಾಳೆಂದೂ ಬರೆದು, ಇದರಲ್ಲಿ ಪತ್ರಿಕೆಯ ಪಾಲೆಷ್ಟು ಎಂದು ಕೇಳಿದ್ದೀರಿ. ನಮ್ಮ ಪಾಲು ಖಂಡಿತ ಇದೆ.

ಆ ಚಿತ್ರ ಕ್ಯಾಮೆರಾದಲ್ಲಿ ಮೂಡಿದಂತೆಯೇ ನಿಮ್ಮ ಮನೆಗೆ ಬಂದದ್ದಲ್ಲ. ಗಂಟೆಗಟ್ಟಲೆ ಮೇಕಪ್ ಮಾಡಿ, ಬೆಳಕು ಹೊಂದಿಸಿ, ನೂರಾರು ಚಿತ್ರಗಳಲ್ಲಿ ಒಂದನ್ನು ಆರಿಸಿದ ಮೇಲೂ, ನಮ್ಮ ವಿನ್ಯಾಸ ವಿಭಾಗದ ಕಂಪ್ಯೂಟರಿನಲ್ಲಿ ಆಕೆಯ ಸೊಂಟ ಕಿರಿದಾಯಿತು, ತೋಳು ಸಪೂರವಾಯಿತು, ಕತ್ತಿನ ಗೆರೆ ಅಳಿಸಿಹೋಯಿತು, ಎಣ್ಣೆಗೆಂಪು ಮೈಬಣ್ಣ ಬಿಳಿಚಿಕೊಂಡಿತು. ಆ ಪುಟಕ್ಕೆ ಒಪ್ಪಿಗೆಯ ಸಹಿ ಹಾಕಿದವಳು ನಾನು. ನಿಮ್ಮ ಮಗಳು ತನ್ನನ್ನು ಹೋಲಿಸಿಕೊಳ್ಳುತ್ತಿರುವುದು ಸ್ವತಃ ಆ ನಟಿಗೂ ಇಲ್ಲದ ಮೈಕಟ್ಟಿನೊಂದಿಗೆ.

2003ರಲ್ಲಿ ಬ್ರಿಟನ್ನಿನ ಪುರುಷರ ಪತ್ರಿಕೆಯೊಂದು ನಟಿ ಕೇಟ್ ವಿನ್ಸ್ಲೆಟ್ ಅವರ ಮುಖಪುಟ ಚಿತ್ರವನ್ನು ತೆಳ್ಳಗೆ ತಿದ್ದಿದಾಗ, ತಾವು ಹಾಗಿಲ್ಲವೆಂದೂ, ಹಾಗೆ ಕಾಣಬೇಕೆಂಬ ಆಸೆಯೂ ತಮಗಿಲ್ಲವೆಂದೂ ಅವರು ಬಹಿರಂಗವಾಗಿ ಹೇಳಿದರು. ಹಾಗೆ ಹೇಳಬಲ್ಲ ತಾರೆಯರು ಕೆಲವರೇ. ಉಳಿದವರ ಮೌನವನ್ನು ನಾವು ಸಮ್ಮತಿಯೆಂದು ಎಣಿಸುತ್ತೇವೆ.

ಚಿತ್ರಗಳಿಂದ ಇಷ್ಟೆಲ್ಲ ಆಗುತ್ತದೆಯೇ ಎಂದು ನಮ್ಮ ಕಚೇರಿಯಲ್ಲೇ ಕೆಲವರು ಕೇಳಿದರು. ಅವರಿಗೆ ನಾನು ಫಿಜಿ ದ್ವೀಪದ ಸಂಗತಿ ಹೇಳಿದೆ. ಮೈತುಂಬಿಕೊಂಡ ಹೆಣ್ಣನ್ನೇ ಚೆಲುವೆ ಎನ್ನುತ್ತಿದ್ದ ನಾಡು ಅದು. ಅಲ್ಲಿನ ನಡ್ರೋಗ ಪ್ರಾಂತಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಎಂಬ ಸಂಶೋಧಕಿ ಆಗ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಶಾಲಾ ಹುಡುಗಿಯರನ್ನು ವಿಚಾರಿಸಿದಾಗ, ತೂಕ ಇಳಿಸಲು ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಎರಡನೆಯ ಸಲ ನೂರಕ್ಕೆ 11 ಮಂದಿ ಇದ್ದರು. ಅದು ಟಿವಿಯ ಪ್ರಭಾವವೆಂದು ನಾವು ಪಾರಾಗುವಂತಿಲ್ಲ, ಏಕೆಂದರೆ ಟಿವಿಯಲ್ಲೂ ಪತ್ರಿಕೆಯಲ್ಲೂ ಬರುವ ಚಿತ್ರಗಳು ಒಂದೇ ಅಚ್ಚಿನವು.

ಚಿತ್ರಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಬರಹ. ಹೆತ್ತ ಮೂರೇ ತಿಂಗಳಲ್ಲಿ ತಾರೆ ‘ಮೊದಲಿನಂತಾದಳು’ ಎಂದು ನಾವು ಮೆಚ್ಚಿ ಬರೆದಿದ್ದೇವೆ. ಬಾಣಂತಿಗೆ ತುಪ್ಪ, ಮೆಂತ್ಯದ ಲೇಹ್ಯ ಕೊಟ್ಟು, ಎಣ್ಣೆ ನೀರು ಎರೆದು, ಮೈ ಸುಧಾರಿಸಲೆಂದು ತಿಂಗಳುಗಟ್ಟಲೆ ಕಾಯುವ ಮನೆಗಳಿಗೆ ಆ ಲೇಖನ ಹೋಯಿತು. ಮೈ ಇಳಿಯದ ಬಾಣಂತಿ ಅದನ್ನು ಓದಿ ಏನೆಂದುಕೊಂಡಿರಬಹುದು ಎಂದು ನಾವು ಯೋಚಿಸಲಿಲ್ಲ.

ತಿದ್ದಿದ ಚಿತ್ರವೆಂದು ಕೆಳಗೆ ಅಚ್ಚುಹಾಕಿ ಎಂಬ ನಿಮ್ಮ ಸಲಹೆ ಫ್ರಾನ್ಸಿನಲ್ಲಿ 2017ರಿಂದ ಜಾಹೀರಾತುಗಳಿಗೆ ಕಾನೂನೇ ಆಗಿದೆ. ಆದರೆ ಅಂಥ ಸೂಚನೆಯನ್ನು ಓದಿದ ಮೇಲೂ ಹೆಣ್ಣುಮಕ್ಕಳಿಗೆ ತಮ್ಮ ಮೈ ಬಗೆಗಿನ ಬೇಸರ ತಗ್ಗುವುದಿಲ್ಲವೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಆದ್ದರಿಂದ ತಿದ್ದುವುದನ್ನೇ ನಿಲ್ಲಿಸುತ್ತಿದ್ದೇವೆ. ಬೆಳಕಿನ ಕೊರತೆಯನ್ನು ಸರಿಪಡಿಸಬಹುದು. ಮೈಯ ಆಕಾರವನ್ನೂ ಬಣ್ಣವನ್ನೂ ಇನ್ನು ಮುಟ್ಟುವುದಿಲ್ಲ. ತಾರೆಯರ ತೂಕದ ಲೆಕ್ಕ ಬರೆಯುವುದಿಲ್ಲ. ಜಾಹೀರಾತುದಾರರಲ್ಲಿ ಕೆಲವರು ಹಿಂದೆ ಸರಿದರೂ ಸರಿಯೇ.

ಎರಡು ತಿಂಗಳ ಕಾಲ ರಾತ್ರಿಯೂಟ ಬಿಟ್ಟಿರುವುದನ್ನು ದಯವಿಟ್ಟು ಹಟವೆಂದು ತಿಳಿಯಬೇಡಿ, ಬೈಯಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಆ ನಟಿಗೆ ನಿಮ್ಮ ಪತ್ರವನ್ನು, ನಿಮ್ಮ ಹೆಸರು ತೆಗೆದು, ಓದಿ ಹೇಳಿದೆ. ತಿದ್ದುವ ಮೊದಲಿನ ಚಿತ್ರವನ್ನು ಅಚ್ಚು ಮಾಡಲು ಅವರು ಒಪ್ಪಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಅದು ಅದೇ ಅಳತೆಯಲ್ಲಿ ಬರುತ್ತದೆ. ಕನ್ನಡಿಯ ಪಕ್ಕದಲ್ಲಿರುವ ಚಿತ್ರದ ಜೊತೆಗೆ ಅದನ್ನೂ ಅಂಟಿಸಲು ಮಗಳಿಗೆ ಹೇಳಿ.

— ಸಂಪಾದಕಿ