1862ರ ವಿಕ್ಟೋರಿಯಾ ರೂಪಾಯಿಗೆ 14,000 ಕೊಡಬಹುದೇ?

1862ರ ವಿಕ್ಟೋರಿಯಾ ಬೆಳ್ಳಿ ರೂಪಾಯಿಯನ್ನು ಡೀಲರ್ 14,000ಕ್ಕೆ ಕೊಡ್ತೀನಿ ಅಂತಿದ್ದಾನೆ, ಒಳ್ಳೇ ಹೂಡಿಕೆಯೇ ಅಂತ ಕೇಳಿದ್ದೀರಿ. "ಮೊದಲ ವರ್ಷದ ನಾಣ್ಯ, ಸರ್ಟಿಫಿಕೇಟ್ ಇದೆ, ಐದು ವರ್ಷಕ್ಕೆ ಡಬಲ್." ನಿಮ್ಮ ಡೀಲರ್ ಹೇಳಿದ್ದೂ ಇದೇ ಮೂರು ಮಾತು ತಾನೇ? ನಾನು ಇದನ್ನೇ ನಂಬಿ ಇದೇ 1862ರ ರೂಪಾಯಿಗೆ 9,500 ಎಣಿಸಿ ಕೊಟ್ಟವನು. ಎರಡು ವರ್ಷ ಬಿಟ್ಟು ಮಾರಲು ಹೋದರೆ ಇನ್ನೊಬ್ಬ ಡೀಲರ್ ತಿರುಗಿಸಿ ನೋಡಿ, ತಕ್ಕಡಿಗೆ ಹಾಕಿ, ಬೆಳ್ಳಿ ರೇಟಿನ ಮೇಲೆ ಚೂರು ಸೇರಿಸಿ ಹೇಳಿದ. ಕೊಟ್ಟವನ ಹತ್ತಿರವೇ ವಾಪಸ್ ಹೋದೆ. "ಈಗ ಮಾರ್ಕೆಟ್ ಡಲ್ ಸಾರ್."

ನಾಣ್ಯ ನಕಲಿಯಲ್ಲ. ನಾನು ಇಸವಿ ಓದಿದೆ, ಚುಕ್ಕಿ ನೋಡಲಿಲ್ಲ. ತಪ್ಪು ಅಷ್ಟೇ. ಆದರೆ ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ "ಮೊದಲ ವರ್ಷ" ಎನ್ನುವ ಮಾತಿನ ಆಟವೆಲ್ಲ ಇಲ್ಲೇ ಇದೆ. ನಾಣ್ಯ ಅಚ್ಚು ಹಾಕುವ ಆಗಿನ ಟಂಕಸಾಲೆಗಳು ವರ್ಷ ವರ್ಷ ಅಚ್ಚಿನ ಇಸವಿ ಬದಲಿಸುತ್ತಿರಲಿಲ್ಲ. ನಾಲ್ಕನೇ ವಿಲಿಯಂನ 1835, ಈಸ್ಟ್ ಇಂಡಿಯಾ ಕಂಪನಿ ಕಾಲದ ವಿಕ್ಟೋರಿಯಾಳ 1840, ಕಂಪನಿ ಹೋದ ಮೇಲಿನ 1862, ಈ ಮೂರು ಇಸವಿಗಳು ವರ್ಷಗಟ್ಟಲೆ ಹಾಗೇ ನಿಂತವು. 1862 ಎಂದು ಬರೆದ ರೂಪಾಯಿಯನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಟಂಕಿಸಿದರು, ಇಸವಿ ಮುಂದೆ ಸರಿದದ್ದು 1874ರಲ್ಲಿ. ಯಾವುದು ಯಾವ ವರ್ಷದ್ದು ಎಂದು ತಮಗೆ ತಿಳಿಯಲಿ ಅಂತ ಬಾಂಬೆ ಟಂಕಸಾಲೆಯವರು ಇಸವಿಯ ಕೆಳಗೆ ಸಾಸಿವೆಗಿಂತ ಸಣ್ಣ ಚುಕ್ಕಿಗಳನ್ನು ಇಟ್ಟರು. ನನ್ನದರಲ್ಲಿ ಅಂಥ ಚುಕ್ಕಿಗಳು ಸಾಲಾಗಿ ಇದ್ದವು. ಅಂದರೆ ಅದು ಮೊದಲ ವರ್ಷದ್ದೇ ಅಲ್ಲ. ಬರಿಗಣ್ಣಿಗೆ ಕೊಳೆ ಅನ್ನಿಸುತ್ತದೆ, 10ಎಕ್ಸ್ ಲೂಪ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ) ಹಿಡಿದರೆ ಉಬ್ಬು ಕಾಣುತ್ತದೆ. ಇಷ್ಟು ಕಾಲ ಅಚ್ಚಾದ ರೂಪಾಯಿ ಹಳೇ ಬೆಳ್ಳಿ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಬಿದ್ದಿರುತ್ತದೆ. ಬೆಲೆ ಬರುವುದು ಇಸವಿಗಲ್ಲ, ಚುಕ್ಕಿ, ಮುಖದ ಅಚ್ಚು, ಹಿಂಬದಿಯ ಅಚ್ಚು ಮೂರೂ ಸೇರಿ ಅಪರೂಪದ ಜೋಡಿಯಾದರೆ ಮಾತ್ರ. ಜೊತೆಗೆ ಸವೆತ ಇರಬಾರದು.

ನನ್ನದು ಫಳಫಳ ಹೊಳೆಯುತ್ತಿತ್ತು, ಅದನ್ನೇ ಡೀಲರ್ "ಯುಎನ್‌ಸಿ" ಅಂದ, ಅಂದರೆ ಚಲಾವಣೆಗೇ ಹೋಗದ, ಸವೆಯದ ನಾಣ್ಯ. ಲೂಪಿನಲ್ಲಿ ರಾಣಿಯ ಕೆನ್ನೆ ಮೇಲೆ ಒಂದೇ ದಿಕ್ಕಿನ ಕೂದಲೆಳೆಯಂಥ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು. ಹುಣಸೆಹಣ್ಣೋ ಪಾಲಿಶ್ ಪುಡಿಯೋ ಹಾಕಿ ತಿಕ್ಕಿದ ಗುರುತು ಅದು. ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಕೈ ಹಾಕುವುದಿಲ್ಲ. ನಿಮ್ಮ ಮನೆಯಲ್ಲಿ ಹಳೇ ನಾಣ್ಯ ಇದ್ದರೆ ದಯವಿಟ್ಟು ತೊಳೆಯಬೇಡಿ.

ಅಸಲಿಯೋ ಅಲ್ಲವೋ ಎಂದು ಮನೆಯಲ್ಲೇ ನೋಡಬಹುದು. 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ಸಾಕು. ಈ ರೂಪಾಯಿ 11.66 ಗ್ರಾಂ, ಸವೆದಿದ್ದರೆ ಸ್ವಲ್ಪ ಕಮ್ಮಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರೊಳಗೆ ಇಳಿಬಿಡಿ. ತಳಕ್ಕೆ ತಾಗಬಾರದು, ಗುಳ್ಳೆ ಅಂಟಿರಬಾರದು. ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು. 1.3ರ ಹತ್ತಿರ ಬಂದರೆ ಅಥವಾ ಅದನ್ನು ದಾಟಿದರೆ ಒಳಗಿರುವುದು ತಾಮ್ರವೋ ಹಿತ್ತಾಳೆಯೋ, ಮೇಲೆ ಬೆಳ್ಳಿ ಲೇಪ. ಅಂಚಿನ ಗೆರೆಗಳ ನಡುವೆ ಸುತ್ತಲೂ ಬೆಸುಗೆಯಂಥ ಗೀಟು ಓಡಿದ್ದರೆ ಎರಕ ಹೊಯ್ದ ನಕಲಿ, ತೂಗುವ ಶ್ರಮವೂ ಬೇಡ.

ಲೆಕ್ಕವೂ ಗೊತ್ತಿರಲಿ. ವಿಕ್ಟೋರಿಯಾ ರೂಪಾಯಿಯಲ್ಲಿ ಬೆಳ್ಳಿ 91.7%, ಅಂದರೆ ಸುಮಾರು 10.7 ಗ್ರಾಂ. ಆರನೇ ಜಾರ್ಜ್‌ನ 1940ರಿಂದ 1945ರ ರೂಪಾಯಿಯಲ್ಲಿ ತೂಕ ಅಷ್ಟೇ, ಬೆಳ್ಳಿ ಅರ್ಧ, 5.83 ಗ್ರಾಂ. ಎರಡನ್ನೂ "ಬೆಳ್ಳಿ ರೂಪಾಯಿ" ಅಂತ ಒಂದೇ ರೇಟಿಗೆ ಮಾರುತ್ತಾರೆ. 1947ರದ್ದಂತೂ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಹೊಸ ಸ್ಮಾರಕ ನಾಣ್ಯಗಳ ಕಥೆಯೂ ಇಷ್ಟೇ: 2023ರ ಸಂಸತ್ ಭವನದ 75 ರೂಪಾಯಿ ನಾಣ್ಯ 35 ಗ್ರಾಂ, ಅದರಲ್ಲಿ ಬೆಳ್ಳಿ 17.5 ಗ್ರಾಂ. "35 ಗ್ರಾಂ ಬೆಳ್ಳಿ ನಾಣ್ಯ" ಅಂದವನು ಸುಳ್ಳು ಹೇಳಿಲ್ಲ ಅಂತ ವಾದಿಸಬಹುದು, ಅದು ಬೇರೆ ಮಾತು. ರಾಮ, ಸೀತೆಯರ ಚಿತ್ರದ 1818ರ ರಾಮ ದರ್ಬಾರ್ "ಕಂಪನಿ ನಾಣ್ಯ" ಮಾತ್ರ ಶುದ್ಧ ಸುಳ್ಳು. ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ.

ಸರ್ಟಿಫಿಕೇಟ್ ಯಾರದ್ದು? ಮಾರುವವನೇ ಸಹಿ ಹಾಕಿದ್ದಾದರೆ ಅದು ಬಿಲ್ಲು, ಅಷ್ಟೇ. ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಸಂಸ್ಥೆಗಳಾದ ಎನ್‌ಜಿಸಿ ಅಥವಾ ಪಿಸಿಜಿಎಸ್‌ನ ಸ್ಲ್ಯಾಬ್ (ಮುದ್ರೆ ಹಾಕಿದ ಪ್ಲಾಸ್ಟಿಕ್ ಡಬ್ಬಿ) ಆಗಿದ್ದರೆ ಮೇಲಿನ ಸಂಖ್ಯೆಯನ್ನು ಅವರ ಸೈಟಿನಲ್ಲಿ ಹಾಕಿ, ಫೋಟೋ ಇದ್ದರೆ ಗೀರು ಗೀರೂ ಹೋಲಿಸಿ. ಗ್ರೇಡಿನ ಜಾಗದಲ್ಲಿ "ಡೀಟೇಲ್ಸ್" ಅಂತಿದ್ದರೆ ತಿಕ್ಕಿದ್ದೋ ಹಾಳಾದದ್ದೋ ಇರುತ್ತದೆ.

ನೀವು ಕೇಳಿದ್ದು "ಒಳ್ಳೇ ಹೂಡಿಕೆಯೇ" ಅಂತ. ಪ್ರಶ್ನೆಯೇ ತಪ್ಪು ಅಂತೀನಿ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇಷ್ಟು ಅಂತರ ಇರುವುದನ್ನು ಹೂಡಿಕೆ ಅನ್ನಬಾರದು. ಇಷ್ಟಪಟ್ಟು ಕೂಡಿಡುವುದಾದರೆ ಸರಿ. ಆಗಲೂ ಡೀಲರ್ ಪಟ್ಟಿಯ ಬೆಲೆ ನೋಡಬೇಡಿ, ಹರಾಜು ಸಂಸ್ಥೆಗಳು ಪ್ರಕಟಿಸುವ ನಿಜಕ್ಕೂ ಮಾರಾಟವಾದ ಬೆಲೆಗಳನ್ನು ನೋಡಿ, ಅದೇ ಚುಕ್ಕಿ, ಅದೇ ಅಚ್ಚಿನದ್ದು.

ನಾಳೆ ಅಂಗಡಿಗೆ ಹೋದಾಗ ಡೀಲರ್‌ಗೆ ಹೀಗೆ ಕೇಳಿ: "ಇದೇ ನಾಣ್ಯವನ್ನು ನಾನು ಈಗ ತಂದು ಮಾರಿದರೆ ನೀವೆಷ್ಟು ಕೊಡ್ತೀರಿ? ಅದನ್ನು ಬಿಲ್ಲಿನ ಹಿಂದೆ ಬರೆದುಕೊಡಿ."