ಆ 42 ಸೆಕೆಂಡುಗಳ ಲೆಕ್ಕ

ಹೋದ ತಿಂಗಳು ಮಹಿಳೆಯರ ಮ್ಯಾರಥಾನ್ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಎರಡೇ ವಿಷಯ ಕೇಳಿವೆ: ಯಾರು ದೊಡ್ಡವರು, ಯಾವ ದಾಖಲೆ ನಂಬಬೇಕು. ಹಾಗಾಗಿ ಈ ಸಲ ಕಬಡ್ಡಿ, ಮಂಡಿನೋವಿನ ಪ್ರಶ್ನೆಗಳಿಗೆಲ್ಲ ರಜೆ.

ದೂರದ ಓಟದಲ್ಲಿ ಇದುವರೆಗಿನ ಅತಿ ಶ್ರೇಷ್ಠ ಮಹಿಳೆ ಯಾರು? ಒಂದೇ ಹೆಸರು ಹೇಳಿ. ‘ಎಲ್ಲರೂ ಅವರವರ ಕಾಲಕ್ಕೆ ದೊಡ್ಡವರು’ ಅಂತ ಜಾರಿಕೊಳ್ಳಬೇಡಿ.
— ಓದುಗರು, ಮೈಸೂರು

ಇಂಗ್ರಿಡ್ ಕ್ರಿಸ್ಟಿಯನ್‌ಸೆನ್, ನಾರ್ವೆ.

ಪದಕ ಎಣಿಸುವವರಿಗೆ ಈ ಉತ್ತರ ಹಿಡಿಸುವುದಿಲ್ಲ, ನನಗೆ ಗೊತ್ತು. ಅವರ ಹತ್ತಿರ ಒಲಿಂಪಿಕ್ ಪದಕ ಒಂದೂ ಇಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮೊದಲ ಸಲ ಮ್ಯಾರಥಾನ್ ಇಟ್ಟ 1984ರ ಲಾಸ್ ಏಂಜಲಿಸ್‌ನಲ್ಲಿ ನಾಲ್ಕನೆಯವರಾದರು. 1988ರಲ್ಲಿ ಸೋಲ್‌ನ 10,000 ಮೀಟರ್ ಫೈನಲ್‌ನಲ್ಲಿ ಕಾಲು ಕೈಕೊಟ್ಟು ಅರ್ಧಕ್ಕೇ ಹೊರಬಂದರು. ಆದರೆ ಈ ಮೂರು ಸಾಲು ನೋಡಿ. 1985ರ ಏಪ್ರಿಲ್, ಲಂಡನ್, ಮ್ಯಾರಥಾನ್ 2 ಗಂಟೆ 21 ನಿಮಿಷ 6 ಸೆಕೆಂಡ್. 1986ರ ಜುಲೈ, ಓಸ್ಲೊ, 10,000 ಮೀಟರ್ 30 ನಿಮಿಷ 13.74 ಸೆಕೆಂಡ್. ಮರು ತಿಂಗಳೇ ಸ್ಟಾಕ್‌ಹೋಮ್, 5,000 ಮೀಟರ್ 14 ನಿಮಿಷ 37.33 ಸೆಕೆಂಡ್. ಮೂರೂ ವಿಶ್ವದಾಖಲೆ, ಮೂರೂ ಏಕಕಾಲಕ್ಕೆ ಒಬ್ಬರ ಹೆಸರಲ್ಲಿ, ಅದೂ ಏಳು ವರ್ಷ. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಅವರಿಗಿಂತ ಮೊದಲು ಇದನ್ನು ಯಾರೂ ಮಾಡಿರಲಿಲ್ಲ.

ನನ್ನನ್ನು ಹಿಡಿದದ್ದು ಇನ್ನೊಂದು ಸಂಗತಿ. 1983ರ ಮಾರ್ಚ್‌ನಲ್ಲಿ ವಿಶ್ವ ಕ್ರಾಸ್ ಕಂಟ್ರಿಯಲ್ಲಿ ಅವರು ತೀರಾ ಹಿಂದೆ ಬಿದ್ದರು. ಯಾಕೆಂದು ಅವರಿಗೇ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಬಸುರಿ. ಆಗಸ್ಟ್‌ನಲ್ಲಿ ಮಗ ಹುಟ್ಟಿದ, ಜನವರಿಯಲ್ಲಿ ಹ್ಯೂಸ್ಟನ್ ಮ್ಯಾರಥಾನ್ ಗೆದ್ದರು. ನಾನು ಮೊದಲ ಹೆರಿಗೆಯಾಗಿ ಮೂರು ತಿಂಗಳಿಗೆ ಶಾಲೆಯ ಮೈದಾನದಲ್ಲಿ ಎರಡು ಸುತ್ತು ಓಡಿದ್ದಕ್ಕೆ ನಮ್ಮಜ್ಜಿ, ‘ಹಸಿ ಮೈ, ಸತ್ತು ಹೋಗ್ತೀಯ’ ಅಂತ ಅತ್ತುಬಿಟ್ಟಿದ್ದರು. ಅವತ್ತು ರಾತ್ರಿ ಅಜ್ಜಿಗೆ ಕ್ರಿಸ್ಟಿಯನ್‌ಸೆನ್ ಕಥೆ ಹೇಳಿದೆ. ‘ಅದು ತಣ್ಣನೆ ದೇಶ’ ಅಂದರು, ಆದರೆ ಮರುದಿನದಿಂದ ಮಗುವನ್ನು ತಾವೇ ಎತ್ತಿಕೊಂಡು ಮೈದಾನದ ಬೇವಿನ ಮರದ ಕೆಳಗೆ ಕೂತರು.

ಎದುರಾಳಿಯೊಬ್ಬರನ್ನು ಹೆಸರಿಸಲೇಬೇಕೆಂದರೆ ನೆದರ್ಲೆಂಡ್ಸ್‌ನ ಸಿಫಾನ್ ಹಸನ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದೇ ವಾರದಲ್ಲಿ 5,000 ಮತ್ತು 10,000ದಲ್ಲಿ ಕಂಚು, ಎರಡು ದಿನ ಬಿಟ್ಟು ಮ್ಯಾರಥಾನ್‌ನಲ್ಲಿ ಚಿನ್ನ. ಹತ್ತು ವರ್ಷ ಕಳೆದು ಇದೇ ಪ್ರಶ್ನೆ ಕೇಳಿದರೆ ನನ್ನ ಉತ್ತರ ಬದಲಾಗಬಹುದು.

ನೀವು ಮೆಚ್ಚುವ ಕ್ರಿಸ್ಟಿಯನ್‌ಸೆನ್ 1985ರಲ್ಲಿ 30:59.42 ಇದ್ದ ತಮ್ಮದೇ 10,000 ಮೀಟರ್ ದಾಖಲೆಯನ್ನು ಒಂದೇ ವರ್ಷದಲ್ಲಿ 30:13.74ಕ್ಕೆ ಇಳಿಸಿದರು. ಹತ್ತಿರ ಹತ್ತಿರ 46 ಸೆಕೆಂಡ್. ಚೀನಾದ ವಾಂಗ್ ಜುನ್‌ಷಿಯಾ 1993ರಲ್ಲಿ ಇಳಿಸಿದ್ದು 42 ಸೆಕೆಂಡ್. ಒಬ್ಬರಿಗೆ ಚಪ್ಪಾಳೆ, ಇನ್ನೊಬ್ಬರ ಮೇಲೆ ನಿಷೇಧಿತ ಮದ್ದಿನ ಗುಮಾನಿ. ಇದು ಯಾವ ನ್ಯಾಯ?
— ಓದುಗರು, ಶಿವಮೊಗ್ಗ

ಒಳ್ಳೆಯ ಪೆಟ್ಟು. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನಂಬಲಾಗದ ಸಮಯ ಕಂಡರೆ ನಾನು ಮೊದಲು ಹುಡುಕುವುದು ಮದ್ದನ್ನಲ್ಲ, ಲ್ಯಾಪ್ ಶೀಟನ್ನು, ಅಂದರೆ ಸುತ್ತುಗಳ ಲೆಕ್ಕ ಬರೆದಿಟ್ಟ ಹಾಳೆಯನ್ನು. ಅದಕ್ಕೆ ಕಾರಣವಿದೆ. ಒಂದು ಜಿಲ್ಲಾ ಮಟ್ಟದ ಕೂಟದಲ್ಲಿ ಹುಡುಗಿಯರ 3,000 ಮೀಟರ್. ಮಣ್ಣಿನ ಟ್ರ್ಯಾಕ್, ಏಳೂವರೆ ಸುತ್ತು, ಜಿಟಿಜಿಟಿ ಮಳೆ. ಸುತ್ತು ಎಣಿಸಿ, ಕೊನೆಯ ಸುತ್ತು ಶುರುವಾಗುವಾಗ ಗಂಟೆ ಬಾರಿಸುವುದು ನನ್ನ ಕೆಲಸ. ಬರಿಗಾಲಲ್ಲಿ ಓಡುತ್ತಿದ್ದ ಒಬ್ಬ ಹುಡುಗಿ ಹಿಂದಿದ್ದವರನ್ನೆಲ್ಲ ಒಂದೊಂದು ಸುತ್ತು ದಾಟಿಕೊಂಡು ಬಂದಳು, ನನ್ನ ಎಣಿಕೆ ತಪ್ಪಿತು. ಒಂದು ಸುತ್ತು ಮೊದಲೇ ಗಂಟೆ ಬಾರಿಸಿಬಿಟ್ಟೆ. ಅವಳು ಪ್ರಾಣ ಬಿಟ್ಟು ಓಡಿ ಮುಗಿಸಿದಳು. ಮೂರೂ ವಾಚುಗಳು 9 ನಿಮಿಷ 52 ಸೆಕೆಂಡಿನ ಆಸುಪಾಸು ತೋರಿಸಿದವು. ಮೈದಾನವೆಲ್ಲ ಕೇಕೆ. ಆಮೇಲೆ ಪಕ್ಕದವರು ಬರೆದಿಟ್ಟಿದ್ದ ಹಾಳೆ ನೋಡಿದರೆ ಅವಳು ಓಡಿದ್ದು 2,600 ಮೀಟರ್. ಮರುದಿನ ಬೆಳಗ್ಗೆ ಮತ್ತೆ ಓಡಿಸಿದೆವು, 11 ನಿಮಿಷ 31. ‘ಮಿಸ್, ನಿನ್ನೇದು ಸುಳ್ಳಾ?’ ಅಂತ ಕೇಳಿದಳು. ಸುಳ್ಳು ನನ್ನದು, ಅವಳದ್ದಲ್ಲ. ಅವಳು ಓಡಿದ ಒಂದೊಂದು ಹೆಜ್ಜೆಯೂ ನಿಜವೇ ಆಗಿತ್ತು.

ವಾಂಗ್ ದಾಖಲೆ ಮಾಡಿದ ಬೀಜಿಂಗ್‌ನಲ್ಲಿ ಅಂಥ ತಪ್ಪೇನೂ ಆಗಿರಲಿಲ್ಲ. 1993ರ ಸೆಪ್ಟೆಂಬರ್ 8, ಚೀನಾದ ರಾಷ್ಟ್ರೀಯ ಕ್ರೀಡಾಕೂಟ. 10,000 ಮೀಟರನ್ನು ವಾಂಗ್ ಓಡಿದ್ದು 29 ನಿಮಿಷ 31.78 ಸೆಕೆಂಡ್. ಅದನ್ನು ಎರಡು ತುಂಡು ಮಾಡಿ ನೋಡಿ: ಮೊದಲ 5,000 ಮೀಟರ್‌ಗೆ 15:05, ಎರಡನೆಯದಕ್ಕೆ 14:26. ಆಗ 5,000 ಮೀಟರ್‌ನ ವಿಶ್ವದಾಖಲೆ ಎಷ್ಟು? ಕ್ರಿಸ್ಟಿಯನ್‌ಸೆನ್‌ರ 14:37. ಅಂದರೆ ಐದು ಕಿಲೋಮೀಟರ್ ಓಡಿ ದಣಿದ ಕಾಲಿನಲ್ಲಿ, ನಿಲ್ಲದೆ, ಮತ್ತೈದು ಕಿಲೋಮೀಟರನ್ನು ಜಗತ್ತಿನ ದಾಖಲೆಗಿಂತ 11 ಸೆಕೆಂಡ್ ಬೇಗ ಮುಗಿಸಿದರು. ಈ ಲೆಕ್ಕ ಮೊದಲ ಸಲ ಹಾಕಿದಾಗ ನಾನು ಎರಡೆರಡು ಸಲ ಕೂಡಿಸಿ ನೋಡಿದೆ.

ಅಲ್ಲಿಗೇ ನಿಲ್ಲಲಿಲ್ಲ. ಮೂರು ದಿನ ಬಿಟ್ಟು ಚೂ ಯುನ್‌ಷಿಯಾ 1,500 ಮೀಟರ್ ದಾಖಲೆ ಮುರಿದರು, 3:50.46. ಹಳೆಯ ದಾಖಲೆಗಿಂತ ವೇಗವಾಗಿ ಓಡಿಯೂ ವಾಂಗ್ ಅಂದು ಎರಡನೆಯವರಾದರು. 13ನೇ ತಾರೀಖು 3,000 ಮೀಟರ್ ಫೈನಲ್: ವಾಂಗ್ 8:06.11, ಅವರ ಹಿಂದಿದ್ದ ನಾಲ್ವರೂ ಒಂದು ವಾರದ ಹಿಂದಿನ ವಿಶ್ವದಾಖಲೆಗಿಂತ ಬೇಗ. ಎಲ್ಲ ಲಿಯಾವೊನಿಂಗ್‌ನ ಕೋಚ್ ಮಾ ಜುನ್‌ರೆನ್ ಗರಡಿಯವರು. ಆಮೆಯ ರಕ್ತ ಕುಡಿಸುತ್ತೇನೆ, ಹುಳದ ಮೇಲೆ ಬೆಳೆಯುವ ಶಿಲೀಂಧ್ರದ ಕಷಾಯ ಕೊಡುತ್ತೇನೆ, ದಿನಾ ಮ್ಯಾರಥಾನಿನಷ್ಟು ಓಡಿಸುತ್ತೇನೆ ಎನ್ನುತ್ತಿದ್ದರು ಮಾ.

ಕ್ರಿಸ್ಟಿಯನ್‌ಸೆನ್ 46 ಸೆಕೆಂಡ್ ಇಳಿಸಿದ ಕಾಲ ಬೇರೆ. ಹೆಂಗಸರ 10,000ಕ್ಕೆ ಅಧಿಕೃತ ವಿಶ್ವದಾಖಲೆ ಎಂಬುದು ಶುರುವಾಗಿದ್ದೇ 1981ರಲ್ಲಿ, ಒಲಿಂಪಿಕ್ಸ್‌ಗೆ ಅದು ಬಂದದ್ದು 1988ರಲ್ಲಿ. ಆ ದೂರವನ್ನು ಜೀವ ಬಿಟ್ಟು ಓಡಿದವರೇ ಕಡಿಮೆ. 2:21ರ ಮ್ಯಾರಥಾನ್ ಓಡಿದವರಿಗೆ 30:59 ಏನೇನೂ ಮಿತಿಯಲ್ಲ, ಇನ್ನೂ ಇಳಿಯುತ್ತದೆ ಎಂದು ಯಾರಾದರೂ ಹೇಳಬಹುದಿತ್ತು. ಮೇಲಾಗಿ ಅವರು ಮೊದಲೂ ಆಮೇಲೂ ವರ್ಷಗಟ್ಟಲೆ ಊರೂರಲ್ಲಿ, ಎಲ್ಲರ ಎದುರು, ಅದೇ ಮಟ್ಟದಲ್ಲಿ ಓಡಿದರು: 1987ರಲ್ಲಿ ರೋಮ್‌ನಲ್ಲಿ ವಿಶ್ವ ಚಾಂಪಿಯನ್, 1988ರಲ್ಲಿ ವಿಶ್ವ ಕ್ರಾಸ್ ಕಂಟ್ರಿ, 1989ರಲ್ಲಿ ಬಾಸ್ಟನ್ ಮತ್ತು ನ್ಯೂಯಾರ್ಕ್. ಬೀಜಿಂಗ್‌ನ ಆ ಒಂದು ವಾರ ಮಾತ್ರ ಮತ್ತೆ ಎಲ್ಲೂ ಬರಲಿಲ್ಲ. ಹಾಗಂತ ನೆಚ್ಚಿನವರು ಎಂದು ನಾನು ವಿನಾಯಿತಿ ಕೊಡುತ್ತಿಲ್ಲ. ಆ ದಿನಗಳ ಪರೀಕ್ಷೆ ತೀರಾ ಸಡಿಲ. ರಕ್ತದಲ್ಲಿ ಕೆಂಪುಕಣ ಹೆಚ್ಚಿಸುವ ಇಪಿಒ ಹಿಡಿಯುವ ಪರೀಕ್ಷೆ ಒಲಿಂಪಿಕ್ಸ್‌ಗೆ ಬಂದದ್ದೇ 2000ದಲ್ಲಿ. ಅದೇ ವರ್ಷ ಸಿಡ್ನಿಗೆ ಹೊರಡುವ ಮುಂಚೆ ರಕ್ತಪರೀಕ್ಷೆಯ ನಂತರ ಚೀನಾ ತಂಡದಿಂದ ಕೈಬಿಟ್ಟವರಲ್ಲಿ ಮಾ ಅವರ ಆರು ಓಟಗಾರ್ತಿಯರಿದ್ದರು.

ಆದರೂ ವಾಂಗ್‌ರನ್ನು ಕಳ್ಳಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವರು ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ. ಮಾ ಶಿಬಿರ ಬಿಟ್ಟು ಬಂದ ಮೇಲೆ, 1996ರಲ್ಲಿ ಅಟ್ಲಾಂಟಾದಲ್ಲಿ 5,000 ಮೀಟರ್ ಚಿನ್ನ ಗೆದ್ದರು. 2016ರಲ್ಲಿ ಒಂದು ಹಳೆಯ ಪತ್ರ ಹೊರಬಂತು. 1995ರದ್ದು, ವಾಂಗ್ ಮತ್ತು ಒಂಬತ್ತು ಜೊತೆಗಾರ್ತಿಯರು ಸಹಿ ಹಾಕಿದ್ದು ಎಂದು ಅಲ್ಲಿನ ಪತ್ರಿಕೆಗಳು ಬರೆದವು. ವರ್ಷಗಳ ಕಾಲ ತಮಗೆ ನಿಷೇಧಿತ ಮದ್ದು ಬಲವಂತದಿಂದ ಕೊಡಲಾಯಿತು ಎಂಬುದು ಅದರ ಸಾರ. ಮಾ ಮಾತ್ರ ಮದ್ದಿನ ಆರೋಪವನ್ನು ಯಾವತ್ತೂ ಒಪ್ಪಲಿಲ್ಲ. ಪತ್ರ ನಿಜವೇ ಆಗಿದ್ದರೆ, ಇಪ್ಪತ್ತರ ಆಸುಪಾಸಿನ ಆ ಹುಡುಗಿಯರು ಮೋಸ ಮಾಡಿದವರೋ, ಮೋಸ ಹೋದವರೋ? ನಾನು ಗಂಟೆ ತಪ್ಪಾಗಿ ಬಾರಿಸಿದ ಆ ಬರಿಗಾಲ ಹುಡುಗಿ ನನಗೆ ನೆನಪಾಗುವುದು ಇಲ್ಲೇ.

10,000 ಮೀಟರ್‌ನ ಆ ದಾಖಲೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಲ್ಮಾಜ್ ಅಯಾನಾ 29:17.45 ಓಡುವವರೆಗೆ, 23 ವರ್ಷ, ಅಲುಗಲಿಲ್ಲ. 3,000 ಮೀಟರ್‌ನ 8:06.11 ಇನ್ನೂ ಹಾಗೇ ಇದೆ. 5,000 ಮೀಟರನ್ನು 14 ನಿಮಿಷದೊಳಗೆ ಓಡಿದ ಮೊದಲ ಮಹಿಳೆ ಕೀನ್ಯಾದ ಬೀಟ್ರಿಸ್ ಚೆಬೆಟ್ ಕೂಡ 2025ರಲ್ಲಿ ರಬಾತ್‌ನಲ್ಲಿ 8:11.56ಕ್ಕೇ ನಿಂತರು.

ಶಿಕಾಗೊ ಮ್ಯಾರಥಾನ್‌ನಲ್ಲಿ 2:09:56 ಓಡಿ ವಿಶ್ವದಾಖಲೆ ಮಾಡಿದ ಕೀನ್ಯಾದ ರೂತ್ ಚೆಪ್‌ನ್ಗೆಟಿಚ್‌ಗೆ ಮದ್ದಿನ ಪ್ರಕರಣದಲ್ಲಿ ಮೂರು ವರ್ಷ ನಿಷೇಧ. ಆದರೂ ದಾಖಲೆ ಉಳಿಸಿದ್ದಾರಲ್ಲ, ಇದು ಹೇಗೆ?
— ಓದುಗರು, ಹುಬ್ಬಳ್ಳಿ

ತಾರೀಖು ನೋಡಿದರೆ ಉತ್ತರ ಸಿಗುತ್ತದೆ. ದಾಖಲೆ ಓಡಿದ್ದು 2024ರ ಅಕ್ಟೋಬರ್ 13. ಸಿಕ್ಕಿಬಿದ್ದ ಮೂತ್ರದ ಮಾದರಿ ಕೊಟ್ಟದ್ದು 2025ರ ಮಾರ್ಚ್ 14. ರದ್ದಾಗಿದ್ದು ಆ ದಿನದಿಂದೀಚಿನ ಫಲಿತಾಂಶ ಮಾತ್ರ. ಸಿಕ್ಕ ವಸ್ತು ಹೈಡ್ರೋಕ್ಲೋರೋಥಯಝೈಡ್. ಬಿಪಿ ಇರುವ ನಮ್ಮ ನಿಮ್ಮ ಮನೆಯ ಹಿರಿಯರ ಮಾತ್ರೆಯ ಹಾಳೆ ತಿರುಗಿಸಿ ಓದಿ, ಅನೇಕರದ್ದರಲ್ಲಿ ಈ ಹೆಸರು ಇರುತ್ತದೆ. ಮೂತ್ರ ಹೆಚ್ಚು ಹೋಗುವಂತೆ ಮಾಡುತ್ತದೆ, ಆಗ ಮೂತ್ರದಲ್ಲಿ ಬೇರೆ ಮದ್ದಿನ ಗುರುತು ತೆಳುವಾಗುತ್ತದೆ. ಅದಕ್ಕೇ ನಿಷೇಧ. ಮಿಲಿಲೀಟರ್‌ಗೆ 20 ನ್ಯಾನೊಗ್ರಾಂವರೆಗೆ ಬಿಡುತ್ತಾರೆ, ಅವರಲ್ಲಿದ್ದದ್ದು 3,800. ಮೊದಲು ಹೇಗೆ ಬಂತೋ ಗೊತ್ತಿಲ್ಲ ಎಂದರು, ಆಮೇಲೆ ಹುಷಾರಿಲ್ಲದಾಗ ಮನೆಗೆಲಸದವರ ಮಾತ್ರೆ ನುಂಗಿದ್ದೆ ಎಂದರು.

ಐದು ತಿಂಗಳ ಆಮೇಲಿನ ಮಾದರಿಯಿಂದ ಹಿಂದಿನ ಓಟವನ್ನು ಅಳಿಸಬಾರದು ಎಂಬ ನಿಯಮವನ್ನು ನಾನು ಒಪ್ಪುತ್ತೇನೆ. ಇವತ್ತು ಇವರಿಗೆ ಅನ್ವಯಿಸಿದ್ದು ನಾಳೆ ನಿರಪರಾಧಿ ಹುಡುಗಿಯೊಬ್ಬಳನ್ನೂ ಕಾಯಬೇಕು. ಆದರೆ ನನ್ನದೊಂದು ದಾಖಲೆ ಪುಸ್ತಕವಿದೆ, ಕಾಲೇಜು ದಿನದಿಂದ ಬರೆದುಕೊಂಡು ಬಂದದ್ದು. ಎಲ್ಲ ನೀಲಿ ಶಾಯಿಯಲ್ಲಿ. ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ 2023ರಲ್ಲಿ ಬರ್ಲಿನ್‌ನಲ್ಲಿ ಓಡಿದ 2:11:53 ಶಾಯಿಯಲ್ಲಿದೆ. ಅದರ ಕೆಳಗೆ ಆ 2:09:56ನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.

ಪೌಲಾ ರ‍್ಯಾಡ್‌ಕ್ಲಿಫ್ ಗಂಡಸರ ಜೊತೆ ಓಡಿ ಮ್ಯಾರಥಾನ್ ದಾಖಲೆ ಮಾಡಿದ್ದಲ್ಲವೇ?
— ಓದುಗರು, ದಾವಣಗೆರೆ

ಹೌದು, 2003ರ ಲಂಡನ್‌ನಲ್ಲಿ ವೇಗ ಕಾಯ್ದುಕೊಡಲು ಗಂಡಸರು ಜೊತೆಗೆ ಓಡಿದರು, ಅವರ ಸಮಯ 2:15:25. ಅದು ವಂಚನೆಯಲ್ಲ, ನಿಯಮದೊಳಗಿನದ್ದು. ಹದಿನಾರು ವರ್ಷ ನಿಂತಿತು. ಈಗ ಎರಡು ಪಟ್ಟಿ ಇವೆ, ಹೆಂಗಸರಷ್ಟೇ ಓಡಿದ ರೇಸಿನದ್ದು ಬೇರೆ. ಅದರಲ್ಲಿ ಅಸೆಫಾ 2025ರಲ್ಲಿ ಲಂಡನ್‌ನಲ್ಲಿ 2:15:50 ಬರೆದರು. ನನಗೆ ಆ ಎರಡನೇ ಪಟ್ಟಿಯೇ ಹೆಚ್ಚು ಪ್ರೀತಿ, ಅಲ್ಲಿ ಗಾಳಿಯನ್ನು ಅವರೇ ಸೀಳಬೇಕು.

ನನಗೆ 17 ವರ್ಷ, 3,000 ಮೀಟರ್ ಓಡುತ್ತೇನೆ. ನಮ್ಮ ಕೋಚ್ ಸರ್ ದಿನಾ ಹಾಲಿಗೆ ಒಂದು ಚಮಚ ಬಿಳಿ ಪೌಡರ್ ಹಾಕಿ ಕೊಡುತ್ತಾರೆ. ಡಬ್ಬಿ ಮೇಲೆ ಚೀಟಿ ಇಲ್ಲ. ಕೇಳಿದರೆ ‘ಶಕ್ತಿಗೆ’ ಅಂತಾರೆ. ಕುಡಿಯಬಹುದಾ ಮೇಡಂ?
— ವಿದ್ಯಾರ್ಥಿನಿ, ಬೆಳಗಾವಿ ಜಿಲ್ಲೆ

ಬೇಡಮ್ಮ. ಇವತ್ತಿನಿಂದಲೇ ನಿಲ್ಲಿಸು.

ಅದು ಬರೀ ಗ್ಲೂಕೋಸ್ ಇದ್ದರೂ ಇರಬಹುದು, ನಿಮ್ಮ ಸರ್ ಒಳ್ಳೆಯವರೇ ಇರಬಹುದು. ಆದರೆ ಮೂತ್ರದಲ್ಲಿ ಏನಾದರೂ ಸಿಕ್ಕರೆ ಉತ್ತರ ಕೊಡಬೇಕಾದವಳು ನೀನು. ಕುಂದಾಪುರ ಕಡೆಯ ನಮ್ಮ ಅಶ್ವಿನಿ ಅಕ್ಕುಂಜೆ 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದರು. ಮರುವರ್ಷವೇ ಜೊತೆಗಾರ್ತಿಯರ ಸಮೇತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂದದ್ದು, ನಮಗೆ ತಿಳಿಯದೆ ಆದದ್ದು ಎಂದರು. ಕೋಚ್ ಕೆಲಸ ಕಳೆದುಕೊಂಡರು. ಓಟಗಾರ್ತಿಯರಿಗೆ ಮೊದಲು ಒಂದು ವರ್ಷ, ಮೇಲ್ಮನವಿಯ ಮೇಲೆ ಎರಡು ವರ್ಷ ನಿಷೇಧ. 2012ರ ಒಲಿಂಪಿಕ್ಸ್ ಅದರಲ್ಲೇ ಹೋಯಿತು.

ನಾಳೆ ಅಭ್ಯಾಸಕ್ಕೆ ಹೋದಾಗ ಸರ್ ಹತ್ತಿರ ಹೀಗೆ ಕೇಳು: ‘ಸರ್, ಇದರ ಒರಿಜಿನಲ್ ಡಬ್ಬಿ, ಅಂಗಡಿ ಬಿಲ್ಲು ತೋರಿಸಿ, ಮನೆಯಲ್ಲಿ ಕೇಳ್ತಾರೆ.’ ಒಬ್ಬಳೇ ಕೇಳಬೇಡ, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗು. ಜ್ವರ, ಕೆಮ್ಮಿಗೆ ಡಾಕ್ಟರ್ ಕೊಡುವ ಮಾತ್ರೆಯ ಹೆಸರನ್ನೂ ನಾಡಾದವರ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಹಾಕಿ ನೋಡಿ, ನಿಷೇಧಿತ ವಸ್ತು ಇದ್ದರೆ ಅದು ತೋರಿಸುತ್ತದೆ. ಆದರೆ ಚೀಟಿ ಇಲ್ಲದ ಡಬ್ಬಿಯನ್ನು ಯಾವ ಆ್ಯಪ್‌ನಲ್ಲೂ ಹುಡುಕಲಾಗದು. ಹಾಲು ಕುಡಿ, ಶೇಂಗಾ ಬೆಲ್ಲ ತಿನ್ನು, ಕಬ್ಬಿಣಾಂಶ ಕಡಿಮೆ ಇದೆಯೇ ಎಂದು ತಾಲೂಕು ಆಸ್ಪತ್ರೆಯಲ್ಲಿ ಒಮ್ಮೆ ರಕ್ತ ನೋಡಿಸು. ನಿನ್ನ ಈಗಿನ 3,000 ಮೀಟರ್ ಸಮಯ ಎಷ್ಟು ಅಂತ ಬರೆಯಲೇ ಇಲ್ಲವಲ್ಲ. ಮುಂದಿನ ಪತ್ರದಲ್ಲಿ ಸುತ್ತು ಸುತ್ತಿನ ಸಮಯದೊಂದಿಗೆ ಬರೆದು ಕಳಿಸು.