ರಾಕಿ ಪರ್ವತದ ಬೂದುಬಣ್ಣದ ಕೋಳಿ

ಪ್ರಶ್ನೆ: ಅಮೆರಿಕದ ಕೊಲರಾಡೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಜೂನ್ ಆರಂಭದಲ್ಲಿ, ರಾಕಿ ಪರ್ವತದ ಡಗ್ಲಸ್ ಫರ್ ಕಾಡಿನಂಚಿನಲ್ಲಿ ಊರ ಕೋಳಿಯಷ್ಟು ದೊಡ್ಡದಾದ ಬೂದುಬಣ್ಣದ ಹಕ್ಕಿಯೊಂದು ಬಾಲ ಬಿಚ್ಚಿ ನಿಂತಿರುವುದನ್ನು ಕಂಡೆ. ಕುತ್ತಿಗೆಯ ಇಕ್ಕೆಲಗಳಲ್ಲಿ ಬಿಳಿ ಗರಿಗಳ ನಡುವೆ ಕೆನ್ನೇರಳೆ ಚರ್ಮ ಉಬ್ಬಿತ್ತು. ಹಳೆಯ ಪುಸ್ತಕವೊಂದು ಅದನ್ನು ಬ್ಲೂ ಗ್ರೌಸ್ ಎನ್ನುತ್ತದೆ. ಹೊಸದರಲ್ಲಿ ಆ ಹೆಸರೇ ಇಲ್ಲ. ಇದು ಯಾವ ಹಕ್ಕಿ? ನಮ್ಮ ಕಲಘಟಗಿ ಕಡೆಯ ಕಾಡುಕೋಳಿಯ ಸಂಬಂಧಿಯೇ?
– ಓದುಗರು, ಧಾರವಾಡ

ಉತ್ತರ: ತಾವು ಕಂಡದ್ದು ಡಸ್ಕಿ ಗ್ರೌಸ್ ಹಕ್ಕಿಯ ಗಂಡು. ಬ್ಲೂ ಗ್ರೌಸ್ ಎಂದು ಒಂದೇ ಪ್ರಭೇದವಾಗಿ ಎಣಿಸುತ್ತಿದ್ದುದನ್ನು ಅಮೆರಿಕದ ಪಕ್ಷಿತಜ್ಞರು 2006ರಲ್ಲಿ ಎರಡಾಗಿ ವಿಂಗಡಿಸಿದರು: ಒಳನಾಡಿನ ರಾಕಿ ಪರ್ವತಗಳದ್ದು ಡಸ್ಕಿ, ಪೆಸಿಫಿಕ್ ಕರಾವಳಿಯ ಬೆಟ್ಟಸಾಲುಗಳದ್ದು ಸೂಟಿ. ಆದ್ದರಿಂದ ಹಕ್ಕಿ ಕಂಡ ಸ್ಥಳವೇ ಇಲ್ಲಿ ಮೊದಲ ಸಾಕ್ಷಿ. ಕುತ್ತಿಗೆಯ ಚರ್ಮ ಅದನ್ನು ದೃಢಪಡಿಸುತ್ತದೆ. ಸೂಟಿಯಲ್ಲಿ ಅದು ಹಳದಿ, ಗಂಟುಗಂಟಾದದ್ದು. ಸೂಟಿಯ ಗಂಡು ಸಾಮಾನ್ಯವಾಗಿ ಎತ್ತರದ ಮರದಲ್ಲಿ ಕುಳಿತು ದೂರಕ್ಕೆ ಕೇಳುವಂತೆ ಕೂಗಿದರೆ, ಡಸ್ಕಿ ಹೆಚ್ಚಾಗಿ ನೆಲದ ಮೇಲೆಯೇ ನಿಂತು, ಹತ್ತಿರವಿದ್ದವರಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೂಂಕರಿಸುತ್ತದೆ. ಬಾಲದ ತುದಿಯ ಬೂದು ಪಟ್ಟಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಸೂಟಿಯಲ್ಲಿರುವ ಆ ಪಟ್ಟಿ ಕೊಲರಾಡೊದ ಡಸ್ಕಿಯಲ್ಲಿಯೂ ಇರುತ್ತದೆ, ಉತ್ತರದ ಡಸ್ಕಿಗಳಲ್ಲಿ ಅದು ಕಾಣುವುದೇ ಕಷ್ಟ. ಅದೇ ಬೆಟ್ಟಗಳಲ್ಲಿ ಮರಗಳ ಸಾಲು ಮುಗಿದ ಮೇಲೆ, ಸುಮಾರು 3,500 ಮೀಟರಿಗೂ ಎತ್ತರದ ಬಯಲಿನಲ್ಲಿ ಸಿಗುವುದು ಬಿಳಿಬಾಲದ ಟಾರ್ಮಿಗನ್ ಎಂಬ ಇನ್ನೊಂದು ಬಗೆಯ ಗ್ರೌಸ್.

ಕಾಡುಕೋಳಿ, ಗೌಜಲಹಕ್ಕಿ, ನವಿಲುಗಳೆಲ್ಲವೂ ಇದರ ಕುಟುಂಬದವೇ. ಆದರೆ ಗ್ರೌಸ್‌ಗಳ ಮೂಗಿನ ಹೊಳ್ಳೆ ಹಾಗೂ ಕಾಲುಗಳನ್ನು ಗರಿಗಳು ಮುಚ್ಚಿರುತ್ತವೆ. ಅವು ಶೀತಪ್ರದೇಶದ ಬಾಳಿಗೆ ಒಗ್ಗಿದ ಹಕ್ಕಿಗಳು.

ಡಸ್ಕಿಯ ನೆಲೆಯ ವಿಷಯದಲ್ಲಿ ನನಗೆ ಅತ್ಯಂತ ವಿಸ್ಮಯಕರವೆನಿಸುವುದು ಚಳಿಗಾಲದ ವಲಸೆ. ಬೇರೆ ಅನೇಕ ಹಕ್ಕಿಗಳು ಹಿಮ ಬಿದ್ದಾಗ ಕೆಳಗಿಳಿದರೆ, ಬೇಸಿಗೆಯಲ್ಲಿ ಕಾಡಿನಂಚಿನ ಪೊದೆ, ಹುಲ್ಲುಗಳ ನಡುವೆ ಮರಿ ಮಾಡಿ ಎಲೆ, ಹಣ್ಣು, ಕೀಟಗಳನ್ನು ತಿಂದ ಈ ಹಕ್ಕಿ ಅನೇಕ ಕಡೆ ಬೆಟ್ಟ ಹತ್ತಿ ದಟ್ಟ ಸೂಚಿಪರ್ಣಿ ಕಾಡು ಸೇರುತ್ತದೆ ಮತ್ತು ತಿಂಗಳುಗಟ್ಟಲೆ ಆ ಮರಗಳ ಸೂಜಿಯೆಲೆಗಳನ್ನೇ ಮುಖ್ಯ ಆಹಾರವಾಗಿಸಿಕೊಳ್ಳುತ್ತದೆ. ನಾರು ತುಂಬಿದ ಆ ಎಲೆಯನ್ನು ಅರಗಿಸಿಕೊಳ್ಳಲು ಅದರ ಕರುಳಿನಲ್ಲಿರುವ ಒಂದು ತುದಿ ಮುಚ್ಚಿದ ಉದ್ದನೆಯ ಎರಡು ಚೀಲಗಳ ಸೂಕ್ಷ್ಮಜೀವಿಗಳು ನೆರವಾಗುತ್ತವೆ. ತಾವು ಡಿಸೆಂಬರಿನಲ್ಲಿ ಮತ್ತೆ ಹೋಗುವುದಾದರೆ ನೆಲದ ಮೇಲಲ್ಲ, ಡಗ್ಲಸ್ ಫರ್ ಮರಗಳ ಕೊಂಬೆಗಳ ನಡುವೆ ಹುಡುಕಿ.